ಹೋಗುವ ಊರು, ಬರುವ ಹೊತ್ತು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಅಪ್ಪಣೆ ಮಾಡಿದಾಗ, ಪರದೇಶದಲ್ಲಿ ವಿದ್ಯಾಭ್ಯಾಸ ಮಾಡಿದವಳು ಆ ವಿದ್ಯೆಯ ಮಹಿಮೆಯನ್ನು ಕುರಿತು ಬರೆಯುವಳೆಂದು ಅವರು ಎಣಿಸಿದ್ದಿರಬಹುದು. ಅಂಥ ಲೇಖನಗಳು ಬೇಕಾದಷ್ಟು ಬಂದಿವೆ. ನಾನು ಎತ್ತಿಕೊಂಡಿರುವುದು ಅದಕ್ಕಿಂತ ಸಣ್ಣ ವಿಷಯ. ಆದರೆ ಅನೇಕ ಮನೆಗಳಲ್ಲಿ ಮನಸ್ತಾಪಕ್ಕೆ ಕಾರಣವಾಗುತ್ತಿರುವ ವಿಷಯ. ಯೂರೋಪಿನಲ್ಲಿ ಓದುತ್ತಿರುವ ಮಗಳು, ಎರಡು ಮೂರು ದಿನ ರಜೆ ಕೂಡಿಬಂದೊಡನೆ, ಮೊದಲೇ ಏನೂ ಗೊತ್ತುಮಾಡದೆ ಸಂಗಡಿಗರೊಡನೆ ಯಾವುದೋ ಊರಿಗೆ ಹೊರಟುಬಿಡುವುದು ಸರಿಯೋ ತಪ್ಪೋ ಎಂಬುದೇ ಅದು. ಹಳೆಯ ವಿದ್ಯಾರ್ಥಿನಿಯರ ಕೂಟ ಸೇರಿದಾಗಲೆಲ್ಲ ತಾಯಂದಿರು ಈ ಮಾತನ್ನು ಎತ್ತುತ್ತಾರೆ. "ಓದಲು ಕಳುಹಿಸಿದೆವೋ, ಊರು ಸುತ್ತಲು ಕಳುಹಿಸಿದೆವೋ?" ಎಂದು ಒಬ್ಬರು ಕೇಳಿದರೆ, "ಬ್ಯಾಂಕಿನ ಸಾಲ ತೀರಿಸುವವರು ಯಾರು?" ಎಂದು ಇನ್ನೊಬ್ಬರು ಕೇಳುತ್ತಾರೆ. ಈ ಪ್ರಶ್ನೆಗಳನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಆದರೂ ಮಗಳು ಹೋಗಲಿ ಎಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಒಂದೇ ಒಂದು ನಿಬಂಧನೆಯುಂಟು. ಆ ನಿಬಂಧನೆಯನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ನನ್ನ ತಾಯಿಗೆ ನಾನು ಮಾಡಿದ ಒಂದು ಅಪರಾಧದಿಂದ.

2003ನೆಯ ಇಸವಿಯಲ್ಲಿ ನಾನು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಓದುತ್ತಿದ್ದೆನು. ಕನ್ನಡಿಗರಿಗೆ ಆ ಊರಿನ ಹೆಸರು ತೀರ ಹೊಸದಲ್ಲ; 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಂಡ್ ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಆ ವರುಷ ಪಂಚಾಶತ್ತಮ ದಿನದ ಹಬ್ಬವು ಜೂನ್ 8ರ ಭಾನುವಾರ ಬಂದಿತ್ತು. ಜರ್ಮನಿಯಲ್ಲಿ ಅದರ ಮರುದಿನದ ಸೋಮವಾರವೂ ಸಾರ್ವಜನಿಕ ರಜೆ. ಶುಕ್ರವಾರ ರಾತ್ರಿ ವಿದ್ಯಾರ್ಥಿನಿಲಯದ ಅಡಿಗೆಯ ಕೋಣೆಯಲ್ಲಿ ನಾವು ಐದು ಮಂದಿ ಹುಡುಗಿಯರು ಪಾತ್ರೆ ತೊಳೆಯುತ್ತಿದ್ದಾಗ, ಒಬ್ಬಳು, "ಈ ಸೆಕೆಯಲ್ಲಿ ಇಲ್ಲಿ ಕುಳಿತು ಮಾಡುವುದೇನು? ನಾಳೆ ದೊಡ್ಡ ಸರೋವರಕ್ಕೆ ಹೋಗಿ ರಾತ್ರಿಗೆ ಬಂದುಬಿಡೋಣ" ಎಂದಳು. ಆ ಕಾಲದಲ್ಲಿ ಅಲ್ಲಿ ವಾರಾಂತ್ಯದ ಒಂದು ಟಿಕೀಟು ಇತ್ತು. 1995ರಲ್ಲಿ 15 ಮಾರ್ಕುಗಳ ಬೆಲೆಗೆ ಆರಂಭವಾದ ಆ ಟಿಕೀಟಿನಿಂದ ಐದು ಮಂದಿ ಒಟ್ಟಿಗೆ ನಿಧಾನದ ಬಂಡಿಗಳಲ್ಲಿ ದೇಶದ ಯಾವ ಮೂಲೆಗಾದರೂ ಹೋಗಬಹುದಾಗಿತ್ತು; 2019ರಲ್ಲಿ ಅದನ್ನು ನಿಲ್ಲಿಸಿದರು. ಬೆಲೆಯು ಮೊದಲಿಗಿಂತ ಏರಿದ್ದರೂ ಐದು ಪಾಲು ಮಾಡಿದರೆ ನಮಗೆ ಹೊರೆಯಾಗಿರಲಿಲ್ಲ. ನಾವು ಐದು ಮಂದಿಯೇ ಇದ್ದೆವು. ವಾದವು ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಗಾಗುವಾಗಲೇ ಒಂದು ರೊಟ್ಟಿ, ನಾಲ್ಕು ಸೌತೇಕಾಯಿ, ಒಂದೊಂದು ಟವಲು ಹಿಡಿದುಕೊಂಡು ಹೊರಟೆವು. ಹೋರ್ಬ್ ಎಂಬಲ್ಲಿ ಬಂಡಿ ಬದಲಿಸಿ, ನೆಕ್ಕಾರ್ ನದಿಯ ಕಣಿವೆಯನ್ನು ಹತ್ತಿ, ಸಿಂಗೆನ್ ಊರನ್ನು ದಾಟಿ, ಕೊನ್‌ಸ್ಟಾನ್ಸ್ ನಗರವನ್ನು ಸೇರಿದೆವು. ಅಲ್ಲಿಯ ಸರೋವರಕ್ಕೆ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಎಂಬ ಮೂರು ದೇಶಗಳ ದಡಗಳುಂಟು. ರೈನ್ ನದಿಯು ಒಂದು ತುದಿಯಿಂದ ಅದರೊಳಕ್ಕೆ ಬಂದು ಇನ್ನೊಂದು ತುದಿಯಿಂದ ಹೊರಟುಹೋಗುತ್ತದೆ. ಮೀಯುವುದರಲ್ಲಿಯೂ ದಡದಲ್ಲಿ ಅಲೆಯುವುದರಲ್ಲಿಯೂ ಹಗಲು ಕಳೆಯಿತು. ಸಾಯಂಕಾಲ ಬಂಡಿಯ ಹೊತ್ತಾದಾಗ ಒಬ್ಬಳು, "ಸೋಮವಾರವೂ ರಜೆಯಲ್ಲವೆ?" ಎಂದಳು. ಯಾರೂ ಬೇಡವೆನ್ನಲಿಲ್ಲ.

ಆದರೆ ಮಲಗುವುದೆಲ್ಲಿ? ಆ ಪ್ರಾಂತದ ಶಾಲೆಗಳಿಗೆ ಪಂಚಾಶತ್ತಮದ ಕಾಲದಲ್ಲಿ ಎರಡು ವಾರ ರಜೆ ಇರುತ್ತದೆಂಬುದನ್ನು ನಾವು ಯೋಚಿಸಿರಲಿಲ್ಲ. ಸಂಸಾರವಂದಿಗರೆಲ್ಲ ಸರೋವರಕ್ಕೆ ಬಂದಿದ್ದರು; ಯುವಜನರ ವಸತಿಗೃಹದಲ್ಲಿ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ಹೋಟೆಲಿಗೆ ಕೊಡುವಷ್ಟು ಹಣ ನಮ್ಮಲ್ಲಿರಲಿಲ್ಲ. ಕೊನ್‌ಸ್ಟಾನ್ಸಿಗೂ ಎದುರುದಡದ ಮೇರ್ಸ್‌ಬುರ್ಗಿಗೂ ನಡುವೆ ಮೋಟಾರುಗಳನ್ನು ಹೊತ್ತು ಸಾಗಿಸುವ ದೋಣಿಯು 1928ರಿಂದ ನಡೆಯುತ್ತಿದ್ದು, ರಾತ್ರಿಯೆಲ್ಲಾ ನಿಲ್ಲದೆ ಹೋಗಿಬರುತ್ತದೆ. ದಾಟಲು ಕಾಲು ಗಂಟೆ ಸಾಕು. ನಾವು ಅದರಲ್ಲಿ ಆಚೆಗೆ ಹೋದೆವು, ಈಚೆಗೆ ಬಂದೆವು. ಉಳಿದ ಹೊತ್ತನ್ನು ದಡದ ಕಲ್ಲುಕಟ್ಟೆಯ ಮೇಲೆ ಟವಲು ಹೊದ್ದು ಕಳೆದೆವು. ಬೇಸಿಗೆಯಾದ್ದರಿಂದ ಬೇಗನೆ ಬೆಳಕು ಹರಿಯಿತು. ಇದನ್ನು ಸಾಹಸವೆಂದು ನಾನು ಹೊಗಳಿಕೊಳ್ಳುವುದಿಲ್ಲ. ಐದು ಮಂದಿ ಇದ್ದೆವು, ಮಳೆ ಬರಲಿಲ್ಲ, ಕೆಟ್ಟವರು ಎದುರಾಗಲಿಲ್ಲ; ಅಷ್ಟೇ. ಹಾಸಿಗೆ ಗೊತ್ತಿಲ್ಲದೆ ರಾತ್ರಿ ಉಳಿಯಬಾರದು.

ಆ ಯುವಜನರ ವಸತಿಗೃಹಗಳ ಹುಟ್ಟನ್ನು ನಾನು ಆಮೇಲೆ ಓದಿ ತಿಳಿದೆನು. 1909ನೆಯ ಆಗಸ್ಟಿನಲ್ಲಿ ರಿಚರ್ಡ್ ಶಿರ್ಮನ್ ಎಂಬ ಉಪಾಧ್ಯಾಯರು ತಮ್ಮ ಶಾಲೆಯ ಮಕ್ಕಳನ್ನು ಕಾಲ್ನಡೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ದೊಡ್ಡ ಬಿರುಗಾಳಿಮಳೆ ಹಿಡಿಯಿತಂತೆ. ಒಂದು ಹಳ್ಳಿಯ ಶಾಲೆಯ ಕೊಠಡಿಯಲ್ಲಿ ಹುಲ್ಲು ಹಾಸಿ ಮಕ್ಕಳು ಮಲಗಿದರು. ಉಪಾಧ್ಯಾಯರು ಮಾತ್ರ ಎಚ್ಚರವಾಗಿಯೇ ಇದ್ದು, ರಜೆಯಲ್ಲಿ ಬರಿದಾಗಿ ಬಿದ್ದಿರುವ ಶಾಲೆಗಳು ನಡೆದುಬರುವ ಮಕ್ಕಳಿಗೆ ತಂಗುದಾಣಗಳೇಕೆ ಆಗಬಾರದು ಎಂದು ಯೋಚಿಸಿದರು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲನೆಯ ಸ್ಥಿರವಾದ ವಸತಿಗೃಹವು ತೆರೆಯಿತು. ಇಂದು ಅಂಥವು ಎಷ್ಟೋ ದೇಶಗಳಲ್ಲಿವೆ. ಮಕ್ಕಳು ಹೊರಗೆ ಹೋಗಬೇಕು, ಆದರೆ ಅವರ ತಲೆಯ ಮೇಲೊಂದು ಸೂರಿರಬೇಕು ಎಂಬ ಎರಡು ಮಾತನ್ನೂ ಆ ಉಪಾಧ್ಯಾಯರು ಒಟ್ಟಿಗೆ ಹಿಡಿದರು. ನಾವು ತಾಯಿತಂದೆಗಳು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಬಿಡುತ್ತೇವೆ. ಮಕ್ಕಳು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಡುತ್ತಾರೆ.

ಭಾನುವಾರ ಬೆಳಿಗ್ಗೆ ಸಂಗಡಿಗರು ರೈನ್ ಜಲಪಾತವನ್ನು ನೋಡಬೇಕೆಂದರು. ಅದು ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್ ಬಳಿ ಇದೆ. ಸಿಂಗೆನ್ನಿನಿಂದ ಬಂಡಿಯಲ್ಲಿ ಬಹಳ ಹೊತ್ತಿನ ದಾರಿಯಲ್ಲ. ಆದರೆ ಸ್ವಿಟ್ಜರ್ಲೆಂಡು ಆಗ ಶೆಂಗೆನ್ ಕೂಟಕ್ಕೆ ಸೇರಿರಲಿಲ್ಲ; ಸೇರಿದ್ದು 2008ರ ಡಿಸೆಂಬರಿನಲ್ಲಿ. ಗಡಿಯಲ್ಲಿ ಕಾಗದಪತ್ರ ಕೇಳುತ್ತಿದ್ದರು. ನನ್ನ ಪಾಸ್‌ಪೋರ್ಟು ಟ್ಯೂಬಿಂಗೆನ್ನಿನ ನನ್ನ ಮೇಜಿನ ಖಾನೆಯಲ್ಲಿ ಭದ್ರವಾಗಿತ್ತು. ಸಂಗಡಿಗರು ಸಂಕೋಚಪಟ್ಟರು, ನಾನೇ ಅವರನ್ನು ಕಳುಹಿಸಿಕೊಟ್ಟು ಸಿಂಗೆನ್ನಿನಲ್ಲಿ ಉಳಿದೆನು. 253 ಮೀಟರ್ ಎತ್ತರದ ಜೋಗವನ್ನು ಕಂಡ ನಾಡಿನವಳು 23 ಮೀಟರಿನ ಒಂದು ಜಲಪಾತಕ್ಕಾಗಿ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಕಣ್ಣೀರು ಹಾಕಿದಳೆಂದರೆ ಈಗ ನನಗೇ ನಗು ಬರುತ್ತದೆ. ಭಾನುವಾರವೂ ಹಬ್ಬವೂ ಆದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ಚೀಲದಲ್ಲಿ ರೊಟ್ಟಿಯ ಒಂದು ತುಂಡು ಮಾತ್ರ ಉಳಿದಿತ್ತು.

ಆ ಊರಿನ ಪಕ್ಕದಲ್ಲಿ ಹೋಹೆನ್‌ಟ್ವೀಲ್ ಎಂಬ ಗುಡ್ಡವಿದೆ. ಎಂದೋ ಆರಿಹೋದ ಜ್ವಾಲಾಮುಖಿ ಅದು. ಅದರ ನೆತ್ತಿಯ ಕೋಟೆಯನ್ನು ಫ್ರೆಂಚರು 1800-01ರಲ್ಲಿ ಕೆಡವಿದರು. ಹಾಳುಗೋಡೆಗಳು ಇನ್ನೂ ನಿಂತಿವೆ. ಬೇರೆ ದಾರಿ ಕಾಣದೆ ನಾನು ಅದನ್ನು ಹತ್ತಿದೆನು. ದಾರಿಯಲ್ಲಿ ಒಬ್ಬ ಮುದುಕರೂ ಅವರ ಹೆಂಡತಿಯೂ ಜೊತೆಯಾದರು. ಎಂಟು ತಿಂಗಳಿಂದ ತರಗತಿಯಲ್ಲಿ ಜರ್ಮನ್ ಭಾಷೆ ಕಲಿಯುತ್ತಿದ್ದರೂ, ತಡವರಿಸಿದೊಡನೆ ಇಂಗ್ಲಿಷಿಗೆ ಜಾರುವ ಅಭ್ಯಾಸ ನನಗಿತ್ತು. ಅವರಿಗೆ ಇಂಗ್ಲಿಷು ಬಾರದು. ಎರಡು ಗಂಟೆಯ ಕಾಲ ತಪ್ಪೋ ಒಪ್ಪೋ ಮಾತನಾಡಿದೆನು. ನಮ್ಮೂರಿನ ಮಳೆಗಾಲವನ್ನೂ ಹಲಸಿನ ಹಣ್ಣನ್ನೂ ವರ್ಣಿಸಿದೆನು. ಮೇಲೆ ನಿಂತಾಗ ಸರೋವರವೂ ಅದರಾಚೆ ಆಲ್ಪ್ಸ್ ಪರ್ವತಗಳ ಬಿಳಿಯ ಗೆರೆಯೂ ಕಂಡವು. ಆ ದಿನದಿಂದ ಆ ಭಾಷೆ ನನ್ನದಾಯಿತು. ನಾನು ಆರಿಸಿಕೊಳ್ಳದೆ ಇದ್ದ ಊರಿನಲ್ಲಿ, ನನ್ನದೇ ತಪ್ಪಿನಿಂದ ಒಂಟಿಯಾಗಿ, ಮುಂದೇನೆಂದು ನಾನೇ ನಿಶ್ಚಯಿಸಬೇಕಾಗಿ ಬಂದದ್ದೇ ನನ್ನ ಪಾಲಿಗೆ ಪಾಠವಾಯಿತು. ಇಂಥ ಪಾಠವನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಲಾಗದು. ಆದ್ದರಿಂದಲೇ ಮಕ್ಕಳು ಹೋಗಲಿ ಎನ್ನುತ್ತೇನೆ.

ಇನ್ನು ನನ್ನ ಅಪರಾಧ. ಪ್ರತಿ ಶನಿವಾರ ಸಾಯಂಕಾಲ ನನ್ನ ತಾಯಿಯವರು ವಿದ್ಯಾರ್ಥಿನಿಲಯಕ್ಕೆ ಟೆಲಿಫೋನು ಮಾಡುತ್ತಿದ್ದರು. ಆ ಶನಿವಾರವೂ ಮಾಡಿದರು. ಪಕ್ಕದ ಕೋಣೆಯವಳು, ರಾತ್ರಿ ಬರುವಳೆಂದಳು. ಭಾನುವಾರ ಬೆಳಿಗ್ಗೆ ಕೇಳಿದರೆ, ಬಂದಿಲ್ಲವೆಂದಳು. ಸಾಯಂಕಾಲವೂ ಅದೇ ಉತ್ತರ. ಎಲ್ಲಿಗೆ ಹೋದಳೆಂಬುದು ಆಕೆಗೂ ತಿಳಿಯದು. ಕೊನ್‌ಸ್ಟಾನ್ಸಿನ ನಿಲ್ದಾಣದಲ್ಲಿ ಟೆಲಿಫೋನಿನ ಗೂಡಿತ್ತು. ನಾನು ಅದರ ಮುಂದೆಯೇ ನಾಲ್ಕು ಸಲ ಹಾದುಹೋಗಿದ್ದೆನು. ಭಾನುವಾರ ರಾತ್ರಿ ಹನ್ನೊಂದಕ್ಕೆ ಹಿಂದಿರುಗಿದಾಗ ಬಾಗಿಲಿಗೆ ಚೀಟಿ ಅಂಟಿಸಿತ್ತು. ನಮ್ಮೂರಿನಲ್ಲಿ ಆಗ ಬೆಳಗಿನ ಜಾವ ಎರಡೂವರೆ. ಗಂಟೆ ಒಂದು ಸಲ ಬಾರಿಸುವಷ್ಟರಲ್ಲಿ ತಾಯಿಯವರು ಮಾತನಾಡಿದರು. "ಬಂದೆಯಾ? ಮಲಗು" ಎಂದರು, ಬೇರೇನೂ ಹೇಳಲಿಲ್ಲ.

ಎರಡು ವಾರಗಳ ಮೇಲೆ ಅವರ ಕಾಗದ ಬಂದಿತು. ನನ್ನ ತಾಯಿಯವರೂ ಈ ಶಾಲೆಯಲ್ಲಿ ಕಲಿತವರು, ಬೋರ್ಡಿಂಗಿನಲ್ಲಿ ಬೆಳೆದವರು. ಅವರು ಬರೆದದ್ದು ಇಷ್ಟು: "ನೀನು ಹೋದೆಯೆಂದು ನನಗೆ ಕೋಪವಿಲ್ಲ. ನಾನು ಬೋರ್ಡಿಂಗಿನಲ್ಲಿದ್ದಾಗ ಬಾಗಿಲ ಬಳಿ ಒಂದು ಪುಸ್ತಕವಿರುತ್ತಿತ್ತು. ಹೊರಗೆ ಹೋಗುವವಳು ತನ್ನ ಹೆಸರಿನ ಮುಂದೆ ಎರಡು ಮಾತು ಬರೆಯಬೇಕು: ಹೋಗುವ ಊರು, ಬರುವ ಹೊತ್ತು. ನನಗೂ ಅಷ್ಟೇ ಬೇಕಾಗಿತ್ತು. ಎರಡು ರಾತ್ರಿ ನಿನ್ನನ್ನು ನೆನೆಯುವುದಕ್ಕೆ ನನ್ನ ಕೈಯಲ್ಲಿ ಒಂದು ಊರಿನ ಹೆಸರೂ ಇರಲಿಲ್ಲ." ಆ ಕಾಗದ ಇನ್ನೂ ನನ್ನ ಬಳಿ ಇದೆ.

ಪರದೇಶಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ನಾನು ಹೇಳತಕ್ಕ ಮಾತೂ ಅದೇ. ಆ ಎರಡು ಮಾತನ್ನು ಬರೆದು ಹೊರಡಿರಿ. ಊರು ಬದಲಾದರೆ, ಹೊತ್ತು ಮೀರಿದರೆ ಮತ್ತೊಮ್ಮೆ ತಿಳಿಸಿರಿ. ಪಾಸ್‌ಪೋರ್ಟನ್ನೂ ವಾಸದ ಪರವಾನಗಿಯನ್ನೂ ಜೊತೆಯಲ್ಲಿ ಇಟ್ಟುಕೊಳ್ಳಿರಿ. ಜರ್ಮನಿಯಂಥ ಶೆಂಗೆನ್ ದೇಶವೊಂದರ ವಾಸದ ಪರವಾನಗಿ ಉಳ್ಳವರು ಆ ಕೂಟದ ಇತರ ದೇಶಗಳಲ್ಲಿ 180 ದಿನಗಳೊಳಗೆ 90 ದಿನ ಸಂಚರಿಸಬಹುದು. ಬ್ರಿಟನ್ನೂ ಐರ್ಲೆಂಡೂ ಆ ಕೂಟಕ್ಕೆ ಸೇರಿದವಲ್ಲ. ಗಡಿಗಳು ತೆರೆದಿವೆ ಎಂದು ನಂಬಿ ಮೈಮರೆಯಬೇಡಿರಿ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿಯು ತನ್ನ ಎಲ್ಲಾ ಭೂಗಡಿಗಳಲ್ಲಿ ತಪಾಸಣೆಯನ್ನು ಮತ್ತೆ ಆರಂಭಿಸಿತು. ಭಾನುವಾರದ ಊಟವನ್ನು ಶನಿವಾರವೇ ಕೊಂಡಿಡಿರಿ. ಆಪತ್ತಿಗೆ 112 ಎಂಬ ಸಂಖ್ಯೆಯನ್ನು ಕಂಠಪಾಠ ಮಾಡಿರಿ. ಪರೀಕ್ಷೆಯ ವಾರದಲ್ಲಿ ಹೊರಡಬೇಡಿರಿ. ಸಾಲ ಮಾಡಿ ಹೊರಡಬೇಡಿರಿ. ಹೆಚ್ಚು ಹಣವೂ ಬೇಕಾಗಿಲ್ಲ: 2023ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ತಿಂಗಳ ಟಿಕೀಟೊಂದು 49 ಯೂರೋಗಳಿಗೆ ಆರಂಭವಾಯಿತು, 2025ರಲ್ಲಿ ಅದರ ಬೆಲೆ 58 ಯೂರೋ ಆಯಿತು. ನಿಧಾನದ ಬಂಡಿಗಳಲ್ಲಿ ದೇಶವನ್ನೆಲ್ಲಾ ನೋಡಲು ಅದು ಸಾಕು.

ತಾಯಿತಂದೆಗಳಿಗೆ ಹೇಳತಕ್ಕ ಮಾತು ಇದಕ್ಕಿಂತ ಕಠಿನವಾದದ್ದು. ನನ್ನ ಕಾಲದಲ್ಲಿ ಮಗಳ ಸುದ್ದಿ ತಿಳಿಯದೆ ತಾಯಿ ಬೆಂದರು; ಈಗ ಸುದ್ದಿ ಅತಿಯಾಗಿ ಮಗಳು ಬೇಯುತ್ತಾಳೆ. ಕೈಯಲ್ಲಿರುವ ಮೊಬೈಲ್ ಫೋನು, ಮಗಳು ಯಾವ ಬೀದಿಯಲ್ಲಿ ನಿಂತಿದ್ದಾಳೆಂಬುದನ್ನೂ ತೋರಿಸಬಲ್ಲುದು. ಪರಿಚಿತರ ಮನೆಯೊಂದರಲ್ಲಿ ತಾಯಿ ಗಂಟೆಗೊಮ್ಮೆ ಅದನ್ನು ನೋಡುತ್ತಾ, "ಅಲ್ಲೇಕೆ ನಿಂತೆ? ಜೊತೆಯಲ್ಲಿ ಯಾರು?" ಎಂದು ಕೇಳುತ್ತಿದ್ದರು. ಕೊನೆಗೆ ಆ ಹುಡುಗಿ ಫೋನನ್ನು ಕೋಣೆಯಲ್ಲಿಯೇ ಬಿಟ್ಟು ಹೊರಡತೊಡಗಿದಳು, ಕೇಳಿದರೆ, ಓದುತ್ತಿದ್ದೆನೆಂದಳು. ಹೆಚ್ಚಾಗಿ ಕೇಳಿ ಕೇಳಿ ಆ ತಾಯಿ ಮಗಳಿಗೆ ಸುಳ್ಳು ಹೇಳುವುದನ್ನು ಕಲಿಸಿದಂತಾಯಿತು. ಆಪತ್ತು ಬಂದರೆ ಆಕೆಯನ್ನು ಹುಡುಕುವ ದಾರಿಯೂ ಅಲ್ಲಿಗೆ ಮುಚ್ಚಿತು. ನಮ್ಮ ಬೋರ್ಡಿಂಗಿನ ಪುಸ್ತಕದಲ್ಲಿ ಮೂರನೆಯ ಅಂಕಣವಿರಲಿಲ್ಲ ಎಂಬುದನ್ನು ಹಳೆಯ ವಿದ್ಯಾರ್ಥಿನಿಯರು ನೆನಪಿಸಿಕೊಳ್ಳಬೇಕು. ಎರಡು ಮಾತು ಬರೆದು ಬಾಗಿಲು ದಾಟಿದವಳ ಬೆನ್ನ ಹಿಂದೆ ಮೇಲ್ವಿಚಾರಕಿಯವರು ಪೇಟೆಯವರೆಗೆ ಬರುತ್ತಿರಲಿಲ್ಲ. ಆ ನಂಬಿಕೆಗೆ ತಕ್ಕವರಾಗಿ ನಾವು ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಿದ್ದೆವು.

ನನ್ನ ಮಗಳು ಈಗ ಪರದೇಶದ ವಿದ್ಯಾಭ್ಯಾಸಕ್ಕೆ ಅರ್ಜಿ ಹಾಕಿದ್ದಾಳೆ. ಈ ಲೇಖನವನ್ನು ಅವಳು ಓದುವಳೆಂದು ಬಲ್ಲೆನಾದ್ದರಿಂದ, ಇಲ್ಲಿ ಬರೆದದ್ದಕ್ಕೆ ನಾನೂ ಕಟ್ಟುಬಿದ್ದಿದ್ದೇನೆ. ಮೂರನೆಯ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಾರದೆ ಇರುವುದಿಲ್ಲ. ಅದನ್ನು ನುಂಗಿಕೊಳ್ಳಲು ಪ್ರಯತ್ನಿಸುವೆನು. ಅವಳ ಅಜ್ಜಿ ಎರಡು ರಾತ್ರಿ ಎಚ್ಚರವಿದ್ದು ಕಲಿಸಿದ ಪಾಠವಾದ್ದರಿಂದ ಇದನ್ನು ಇಲ್ಲಿ ವಿಜ್ಞಾಪಿಸಿಕೊಂಡೆನು. ತಾಯಂದಿರೂ ತಂದೆಗಳೂ ಇದನ್ನು ತಮ್ಮ ಮನೆಗಳಲ್ಲಿ ಯೋಚಿಸಿನೋಡಬೇಕೆಂದು ಬೇಡಿಕೊಂಡು ವಿರಮಿಸುತ್ತೇನೆ.

— ಹಳೆಯ ವಿದ್ಯಾರ್ಥಿನಿ