ಕಹಳೆ ಬಂಡೆಯ ಕೋತಿ

ಕಳೆದ ಕಾರ್ತಿಕದ ಕಡಲೆಕಾಯಿ ಪರಿಷೆಯ ದಿನ, ತಾಯಿಯವರ ಅಪ್ಪಣೆಯಂತೆ ಗಾಂಧಿ ಬಜಾರಿನಲ್ಲಿ ಬಾಳೆಹಣ್ಣು ಕೊಂಡು ಕಹಳೆ ಬಂಡೆಯ ಕಡೆಗೆ ನಡೆದಿದ್ದೆ. ಮರದಿಂದಿಳಿದ ಕೋತಿಯೊಂದು ನನ್ನ ಚೀಲಕ್ಕೆ ಕೈಯಿಟ್ಟು, ಒಂದು ಚಿಪ್ಪನ್ನು ಸೆಳೆದುಕೊಂಡು ಬಂಡೆಯೇರಿ ಕುಳಿತಿತು. ನೆರೆದವರು ನಕ್ಕರು. ಹಿರಿಯರೊಬ್ಬರು ಮಾತ್ರ, "ಎಲ್ಲಿಂದಲೋ ಬಂದು ಸೇರಿಕೊಂಡಿವೆ ಕಣಪ್ಪ, ಹಿಡಿಸಿ ಕಾಡಿಗೆ ಅಟ್ಟಬೇಕು" ಎಂದರು.

ಎಲ್ಲಿಂದ ಬಂದವು? ಚರಿತ್ರೆಯ ವಿದ್ಯಾರ್ಥಿಯಾದ ನನ್ನನ್ನು ಆ ಮಾತು ಸುಮ್ಮನಿರಗೊಡಲಿಲ್ಲ.

ಕೋತಿಗಳ ಮೂಲದ ಮನೆ ಆಫ್ರಿಕ. ಅಲ್ಲಿನ ವಿಕ್ಟೋರಿಯಾ ಸರೋವರದ ಮಬೋಕೊ ದ್ವೀಪದಲ್ಲಿ ಸುಮಾರು 150 ಲಕ್ಷ ವರ್ಷಗಳಷ್ಟು ಹಳೆಯ ಕೋತಿಯ ಪಳೆಯುಳಿಕೆಗಳು ದೊರೆತಿವೆ. ನಮ್ಮೂರಿನ ಕೋತಿಯ ಕುಲದ ಪೂರ್ವಿಕರು ಸುಮಾರು 50ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕದ ಉತ್ತರ ಭಾಗವನ್ನು ದಾಟಿ ಯೂರೋಪು, ಏಷ್ಯಾಗಳಿಗೆ ಹರಡಿದರೆಂದು ಪಂಡಿತರ ಅಭಿಪ್ರಾಯ. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಈ ಕುಲದವರಿದ್ದರು. ಹಿಮಯುಗಗಳ ಕಾಲದಲ್ಲಿ ಅಲ್ಲಿ ಅಳಿದು, ಈಗ ಮೂಳೆಗಳಾಗಿ ಮಾತ್ರ ಉಳಿದಿದ್ದಾರೆ. ಭಾರತದಲ್ಲಿಯೂ 1836ರಲ್ಲಿಯೇ ಬೇಕರ್ ಮತ್ತು ಡ್ಯುರಾಂಡ್ ಎಂಬ ಅಧಿಕಾರಿಗಳು ಶಿವಾಲಿಕ್ ಬೆಟ್ಟಗಳಲ್ಲಿ ದೊರೆತ ದೊಡ್ಡ ಕೋತಿಯೊಂದರ ದವಡೆಯನ್ನು ವರ್ಣಿಸಿದರು. ನಮಗೆ ಸಮೀಪದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು 1884ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಅವರೂ ಅವರ ಮಗನೂ ಅಗೆಸಿದಾಗ, ಇತರ ಪ್ರಾಣಿಗಳೊಡನೆ ಕೋತಿಗಳ ಅವಶೇಷಗಳೂ ಸಿಕ್ಕಿದವು.

ಹಾಗಾದರೆ ಬಸವನಗುಡಿಯಲ್ಲಿ ಅಗೆದರೆ ಸಿಕ್ಕೀತೆ? ಕಹಳೆ ಬಂಡೆಯಲ್ಲಂತೂ ಸಿಗದು. ಕರ್ನೂಲಿನದು ಸುಣ್ಣದ ಕಲ್ಲು. ಅದರ ಗುಹೆಗಳು ಮೂಳೆಯನ್ನು ಜೋಪಾನ ಮಾಡುತ್ತವೆ. ನಮ್ಮದೋ ನೆಲದಾಳದ ಕಾವಿನಲ್ಲಿ ರೂಪುಗೊಂಡ ಗಟ್ಟಿಗಲ್ಲು. ಸುಮಾರು 300 ಕೋಟಿ ವರ್ಷಗಳ ಹಿಂದೆ ಅದು ಹುಟ್ಟಿದಾಗ ಕೋತಿಯಿರಲಿ, ಮೀನೂ ಇರಲಿಲ್ಲ. ಆದುದರಿಂದ ಕೋತಿಯ ಚರಿತ್ರೆಗೆ ಇಲ್ಲಿ ಶಿಲೆಯ ಸಾಕ್ಷಿಯಿಲ್ಲ. ಇರುವ ಸಾಕ್ಷಿ ಆ ಬಂಡೆಯ ಮೇಲೆ ಕುಳಿತು ನನ್ನ ಬಾಳೆಹಣ್ಣು ಸುಲಿಯುತ್ತಿದ್ದ ಜೀವವೊಂದೇ.

ಈ ಸಾಕ್ಷಿಯೂ ಸುಭದ್ರವಾಗಿಲ್ಲ. ತಲೆಯ ಮೇಲೆ ಟೋಪಿಯಂತೆ ಕೂದಲಿರುವ ಈ ಜಾತಿ ದಕ್ಷಿಣ ಭಾರತದಲ್ಲಲ್ಲದೆ ಪ್ರಪಂಚದ ಬೇರಾವ ಕಾಡಿನಲ್ಲಿಯೂ ಸಹಜವಾಗಿ ಇಲ್ಲ. ಉತ್ತರದ ಕೆಂಪುಮೋರೆಯ ಕೋತಿಗಳು ದಕ್ಷಿಣಕ್ಕೆ ಸರಿಯುತ್ತ ಇದರ ಎಡೆಯನ್ನು ಆಕ್ರಮಿಸುತ್ತಿವೆ. ಸಾಲುಮರಗಳು ಉರುಳಿ ಇದರ ನೆಲೆ ತಪ್ಪಿದೆ. 2020ರಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು.

ಕೋತಿಯ ಕಾಟವನ್ನು ನಾನು ಅಲ್ಲಗಳೆಯುವುದಿಲ್ಲ. ಬಾಳೆಹಣ್ಣು ಕಳೆದುಕೊಂಡವನು ನಾನೇ. ಆದರೆ ಹಿಡಿದು ದೂರದ ಕಾಡಿಗೆ ಅಟ್ಟುವುದು ಪರಿಹಾರವಲ್ಲ. ಆ ಕಾಡಿನಲ್ಲಿ ಬೇರೆ ಹಿಂಡಿರುತ್ತದೆ, ಅದರಂಚಿನಲ್ಲಿ ರೈತನ ಹೊಲವಿರುತ್ತದೆ. ನಮ್ಮ ಪೀಡೆ ಅವನ ಪಾಲಾಗುತ್ತದೆ, ಅಷ್ಟೆ. ಪುಣ್ಯಕ್ಕೆಂದು ಹಣ್ಣು ಕಾಯಿ ಎಸೆಯುವುದನ್ನು ನಿಲ್ಲಿಸೋಣ. ಎಂಜಲೆಲೆಗಳನ್ನು ಬೀದಿಗೆ ಚೆಲ್ಲದಿರೋಣ. ಉಳಿದ ಮರಗಳನ್ನು ಉಳಿಸಿಕೊಳ್ಳೋಣ. ಪ್ರತಿ ವರ್ಷ ಪರಿಷೆ ಮುಗಿದ ಮೇಲೆ, ಈ ಸುತ್ತಿನ ಕೋತಿಗಳನ್ನು ಎಣಿಸಿ ಒಂದು ದಫ್ತರದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಚರಿತ್ರೆಯ ಸಂಘವೇ ಏಕೆ ವಹಿಸಿಕೊಳ್ಳಬಾರದು? ಅಧ್ಯಾಪಕರು ದಾರಿ ತೋರಿದರೆ ನಾವು ಹತ್ತು ಮಂದಿ ಸಿದ್ಧರಿದ್ದೇವೆ.

ಆ ಹಿರಿಯರಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಇಂದು ವಿನಯದಿಂದ ಹೇಳುತ್ತೇನೆ: ಅವೂ ಆಫ್ರಿಕದಿಂದ ಬಂದವು, ನಾವೂ ಆಫ್ರಿಕದಿಂದ ಬಂದವರು, ಆದರೆ ಅವು ನಮಗಿಂತ ಬಹಳ ಮುಂಚೆ ಹೊರಟಿದ್ದವು.