ಹೊಳಪೊಂದೇ ಪ್ರಮಾಣವಲ್ಲ

ಬಸವ ಜಯಂತಿಯ ಮರುದಿನ ಜಾಲಹಳ್ಳಿಯ ಗೃಹಸ್ಥರೊಬ್ಬರು ತಮ್ಮ ದೇವರ ಜಗುಲಿಯ ಮೇಲಿದ್ದ ಐದು ರೂಪಾಯಿಯ ನಾಣ್ಯವೊಂದನ್ನು ತಂದು ತೋರಿಸಿದರು. 2006ರಲ್ಲಿ ಭಾರತ ಸರ್ಕಾರವು ಮಹಾತ್ಮ ಬಸವೇಶ್ವರರ ಸ್ಮರಣಾರ್ಥ ಹೊರತಂದ ನಾಣ್ಯವದು. ಜಾತ್ರೆಯ ವ್ಯಾಪಾರಿಯೊಬ್ಬನು ‘ಪ್ರೂಫ್ ನಾಣ್ಯ’ವೆಂದು ಹೇಳಿ ಎಂಟುನೂರು ರೂಪಾಯಿ ಪಡೆದಿದ್ದನಂತೆ. ಪರೀಕ್ಷಿಸಿದರೆ ಅದು ಚಲಾವಣೆಯ ನಾಣ್ಯವೇ. ಉಜ್ಜಿ ಹೊಳಪು ಬರಿಸಿದ್ದು.

ಎರಡಕ್ಕೂ ಮುಖಬೆಲೆ ಒಂದೇ, ಭೇದವಿರುವುದು ತಯಾರಿಕೆಯಲ್ಲಿ. ಚಲಾವಣೆಯ ನಾಣ್ಯವನ್ನು ಯಂತ್ರವು ವೇಗವಾಗಿ ಒಂದೇ ಏಟಿಗೆ ಒತ್ತುತ್ತದೆ. ಪ್ರೂಫ್ ನಾಣ್ಯಕ್ಕಾದರೋ ಅಚ್ಚನ್ನೂ ಲೋಹದ ಬಿಲ್ಲೆಯನ್ನೂ ಮೊದಲೇ ನಯಗೊಳಿಸಿ, ಒಂದಕ್ಕಿಂತ ಹೆಚ್ಚು ಸಲ ಒತ್ತುವರು. ಆದುದರಿಂದ ಅದರ ಬಯಲು ಭಾಗವು ಕನ್ನಡಿಯಂತಿದ್ದು, ಉಬ್ಬಿದ ಚಿತ್ರವೂ ಅಕ್ಷರಗಳೂ ಸಾಮಾನ್ಯವಾಗಿ ಮಂಜು ಕವಿದಂತೆ ಮಾಸಲು ಬಿಳುಪಾಗಿ ಕಾಣುವವು, ಅಂಚು ಚೂಪಾಗಿರುವುದು. ಉಜ್ಜಿದ ನಾಣ್ಯದಲ್ಲಿ ಚಿತ್ರವೂ ಬಯಲೂ ಒಂದೇ ತೆರನಾಗಿ ಹೊಳೆಯುವವು. ಓರೆಯಾಗಿ ಬೆಳಕಿಗೆ ಹಿಡಿದರೆ ಸಣ್ಣ ಗೀರುಗಳು ಕಾಣುವವು.

ಇಸವಿಯ ಕೆಳಗಿನ ಗುರುತನ್ನೂ ಗಮನಿಸಬೇಕು. ಮುಂಬಯಿ ಟಂಕಸಾಲೆಯ ಚಲಾವಣೆಯ ನಾಣ್ಯಕ್ಕೆ ವಜ್ರಾಕೃತಿ. ಅಲ್ಲಿಯ ಈಚಿನ ಪ್ರೂಫ್ ನಾಣ್ಯಕ್ಕೆ ಸಾಮಾನ್ಯವಾಗಿ ‘ಎಂ’ ಅಕ್ಷರ. ಪ್ರೂಫ್ ನಾಣ್ಯಗಳು ಅಂಗಡಿಯ ಚಿಲ್ಲರೆಯಾಗಿ ಬರುವಂಥವಲ್ಲ. ಟಂಕಸಾಲೆಯು ಅವನ್ನು ಪೆಟ್ಟಿಗೆಯಲ್ಲಿಟ್ಟು, ಮುಖಬೆಲೆಗಿಂತ ಹೆಚ್ಚಿನ ದರಕ್ಕೆ, ಬೇಡಿಕೆ ಸಲ್ಲಿಸಿದವರಿಗೆ ಮಾರುತ್ತದೆ. ಬಸವೇಶ್ವರರ ನೂರು ರೂಪಾಯಿಯ ನಾಣ್ಯವೂ ಹೀಗೆ ಸಂಗ್ರಾಹಕರಿಗೆಂದೇ ಬಂದದ್ದು.

ನಿಜವಾದ ಪ್ರೂಫ್ ನಾಣ್ಯವು ಮನೆಯಲ್ಲಿದ್ದರೆ ಹುಣಸೆಹಣ್ಣಿನಿಂದಾಗಲಿ ವಿಭೂತಿಯಿಂದಾಗಲಿ ತಿಕ್ಕಬಾರದು, ಅಂಚನ್ನಷ್ಟೇ ಹಿಡಿಯಬೇಕು. ಒಮ್ಮೆ ಕೆಟ್ಟ ಕನ್ನಡಿ ಮರಳಿ ಬಾರದು.

“ಹಾಗಾದರೆ ಇದನ್ನು ಜಗುಲಿಯಿಂದ ತೆಗೆದುಬಿಡಲೇನ್ರಿ?” ಎಂದು ಆ ಗೃಹಸ್ಥರು ಕೇಳಿದರು. “ಬೇಡ. ಸುಳ್ಳು ಹೇಳಿದವನು ವ್ಯಾಪಾರಿ, ನಾಣ್ಯವಲ್ಲ” ಎಂದೆ.