ಕಾರ್ಖಾನೆಯೊಳಗಿನ ಉಸಿರಿಗೂ ಲೆಕ್ಕವಿರಲಿ

ಯಾದಗಿರಿ ಜಿಲ್ಲೆಯ ಸೈದಾಪುರದ ಬಳಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ರೈತರ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಹೋಗಿದೆ. ಅಲ್ಲಿನ ರಾಸಾಯನಿಕ ಘಟಕಗಳ ದುರ್ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳು ದೂರಿವೆ. ಆದರೆ ಆವಿ ಊರು ಮುಟ್ಟುವ ಮೊದಲು ಅದನ್ನು ಉಸಿರಾಡುವವರು ಒಳಗೆ ದುಡಿಯುವ ಕಾರ್ಮಿಕರು. ಕೈ ಸುಟ್ಟರೆ ಗಾಯ ಕಾಣುತ್ತದೆ. ಟಾಲ್ವೀನ್‌ನಂಥ ದ್ರಾವಕ ನರಮಂಡಲಕ್ಕೆ ಮಾಡುವ ಹಾನಿ ನಿಧಾನವಾಗಿ ಬೆಳೆಯುತ್ತದೆ. ಅಷ್ಟರಲ್ಲಿ ಗುತ್ತಿಗೆ ಕಾರ್ಮಿಕ ಕೆಲಸ ಬದಲಿಸಿರುತ್ತಾನೆ. ಕಾಯಿಲೆ ಅವನೊಬ್ಬನ ಪಾಲಾಗುತ್ತದೆ.

1984ರ ಭೋಪಾಲ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ಘಟಕಗಳು ರಾಸಾಯನಿಕಗಳ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಯ ಜನರಿಗೂ ಕೊಡಬೇಕು, ಕಾರ್ಮಿಕರ ಆರೋಗ್ಯ ದಾಖಲೆ ಇಡಬೇಕು ಎಂಬ ಹೊಣೆ ಬಂತು. ಈ ದಾಖಲೆ ಗುತ್ತಿಗೆದಾರ ಬದಲಾದರೂ ಕಾರ್ಮಿಕನ ಕೈಯಲ್ಲಿ ಉಳಿಯಬೇಕು. ನಿಯಮ ಬಿಗಿ ಮಾಡಿದರೆ ಉದ್ಯಮ ಓಡಿಹೋಗುತ್ತದೆ, ಗುಳೆ ಹೋಗುವ ಜಿಲ್ಲೆಗೆ ಕೆಲಸವೇ ಮುಖ್ಯ ಎನ್ನುವವರಿದ್ದಾರೆ. ಕೆಲಸ ಬೇಕು, ನಿಜ. ಆದರೆ ದುಡಿಯುವ ಶಕ್ತಿಯನ್ನೇ ಕಸಿಯುವ ಕೆಲಸ ಬಡತನವನ್ನು ಮುಂದೂಡುತ್ತದೆ, ಅಷ್ಟೆ. ಕಾಯಿಲೆಗೆ ತಂಬಾಕೋ ಬೇರೇನೋ ಕಾರಣವಿರಬಹುದು ಎಂಬ ವಾದವೂ ಇದೆ. ಅದನ್ನು ತೀರ್ಮಾನಿಸಲೆಂದೇ ಕೆಲಸಕ್ಕೆ ಸೇರುವಾಗಿನ ಮತ್ತು ನಂತರದ ತಪಾಸಣೆಗಳು ಬೇಕು. ಪ್ರಾಮಾಣಿಕ ಮಾಲೀಕನಿಗೂ ಅದೇ ರಕ್ಷಣೆ. ಸೈದಾಪುರದಲ್ಲೇ ಔದ್ಯೋಗಿಕ ಆರೋಗ್ಯ ತಪಾಸಣಾ ಕೇಂದ್ರ ತೆರೆಯುವುದು ಸರ್ಕಾರದ ಮೊದಲ ಕರ್ತವ್ಯ.